55 ಸಾವಿರದೊಳಗೆ ಗೇಮಿಂಗ್ ಪಿಸಿ, ಹಾಸನ: ಕೊಟೇಶನ್ ನೋಡಿ ಹೇಳಿ, ಎಲ್ಲಿ ಕಡಿತ ಮಾಡ್ಲಿ?

ಸಾಲಗಾಮೆ_ರಸ್ತೆ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಸಾಲಗಾಮೆ ರಸ್ತೆ ಕಡೆ ರೂಮ್ ಮಾಡ್ಕೊಂಡು ಓದ್ತಿದೀನಿ. ಗೇಮಿಂಗ್ ಪಿಸಿ ಅಸೆಂಬಲ್ ಮಾಡ್ಬೇಕು. ಮಾನಿಟರ್, ಕೀಬೋರ್ಡ್, ಮೌಸ್ ಬಿಟ್ಟು ಬಜೆಟ್ 55 ಸಾವಿರ, ಅದರ ಮೇಲೆ ಹೋಗಕ್ಕಾಗಲ್ಲ. ಆಡೋದು ವ್ಯಾಲೊರಂಟ್, ಸಿಎಸ್2, ಜಿಟಿಎ 5, ಫೋರ್ಜಾ ಹೊರೈಜನ್ 5. 1080ಪಿ ಸಾಕು.

ಎರಡು ಕಡೆ ಕೊಟೇಶನ್ ತಗೊಂಡಿದೀನಿ.

ಮೊದಲನೇದು 64 ಸಾವಿರ: ಐ5-12400ಎಫ್, ಎಚ್610 ಬೋರ್ಡ್, 16 ಜಿಬಿ ಡಿಡಿಆರ್4 ಒಂದೇ ಸ್ಟಿಕ್, ಆರ್‌ಟಿಎಕ್ಸ್ 3050 6 ಜಿಬಿ, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್, 240 ಎಂಎಂ ಲಿಕ್ವಿಡ್ ಕೂಲರ್, ಆರು ಆರ್‌ಜಿಬಿ ಫ್ಯಾನ್ ಇರೋ ಗ್ಲಾಸ್ ಕ್ಯಾಬಿನೆಟ್, "500 ವ್ಯಾಟ್ ಎಸ್‌ಎಂಪಿಎಸ್" (ಅಂದ್ರೆ ಪವರ್ ಸಪ್ಲೈ, ಕಂಪನಿ ಹೆಸರು ಬರೆದಿಲ್ಲ).

ಎರಡನೇದು 51 ಸಾವಿರ: ರೈಜನ್ 5 5500, ಬಿ450 ಬೋರ್ಡ್, 8 ಜಿಬಿ ಒಂದು ಸ್ಟಿಕ್, ಆರ್‌ಎಕ್ಸ್ 6500 ಎಕ್ಸ್‌ಟಿ 4 ಜಿಬಿ, 512 ಜಿಬಿ ಎನ್‌ವಿಎಂಇ, ಕ್ಯಾಬಿನೆಟ್ ಜೊತೆಗೇ ಬರೋ ಎಸ್‌ಎಂಪಿಎಸ್.

ಎರಡನೇದು ಬಜೆಟ್ಟಿಗೆ ಬರುತ್ತೆ. ತಗೊಳ್ಳಬಹುದಾ? ಇಲ್ಲ ಮೊದಲನೇದರಲ್ಲೇ ಏನಾದ್ರೂ ತೆಗೆಸ್ಲಾ? ನಮ್ಮ ಏರಿಯಾದಲ್ಲಿ ಕರೆಂಟ್ ಆಗಾಗ ಹೋಗುತ್ತೆ, ವೋಲ್ಟೇಜ್ ಏರಿಳಿತಾನೂ ಇದೆ. ಓನರ್ ಮನೆ ಇನ್ವರ್ಟರ್ ಲೈನ್ ರೂಮಿಗೂ ಕೊಟ್ಟಿದಾರೆ.

ಫ್ರೇಮ್_ಎಣಿಕೆ

ಎರಡರಲ್ಲೂ ದುಡ್ಡು ಕಣ್ಣಿಗೆ ಕಾಣೋ ಕಡೆ ಹೋಗಿದೆ, ಆಟ ಓಡೋ ಕಡೆ ಹೋಗಿಲ್ಲ.

ಮೊದಲನೇ ಕೊಟೇಶನ್ನಿನಲ್ಲಿ ಲಿಕ್ವಿಡ್ ಕೂಲರ್ ತೆಗೆಸಿ. 12400ಎಫ್ ಬೇಸ್ ಪವರ್ 65 ವ್ಯಾಟ್, ಟರ್ಬೊದಲ್ಲಿ ಗರಿಷ್ಠ 117. ಆಟ ಆಡುವಾಗ ಆ ಗರಿಷ್ಠದ ಹತ್ತಿರಕ್ಕೂ ಹೋಗಲ್ಲ. ಬಾಕ್ಸ್ ಜೊತೆ ಬರೋ ಕೂಲರ್ ಹಾಸನದ ಬೇಸಿಗೆಗೆ ಧಾರಾಳ ಸಾಕು. ಆದ್ರೆ "ಟ್ರೇ" ಪ್ರೊಸೆಸರ್ ಕೊಟ್ರೆ ಅದರಲ್ಲಿ ಕೂಲರ್ ಇರಲ್ಲ, ಬಾಕ್ಸ್ ಪೀಸೇ ಬೇಕು ಅಂತ ಮೊದಲೇ ಹೇಳಿ. ಆರ್‌ಜಿಬಿ ಕ್ಯಾಬಿನೆಟ್ಟೂ ಬೇಡ. ಮುಂದೆ ಗಾಜು ಮುಚ್ಚಿದ್ರೆ ಆರು ಫ್ಯಾನ್ ಇದ್ರೂ ಗಾಳಿ ಒಳಗೆ ಬರಲ್ಲ. ಮುಂದೆ ಜಾಲರಿ ಇರೋದು ತಗೊಂಡು ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಹಾಕಿದ್ರೆ ಮುಗೀತು.

ಈಗ ಗ್ರಾಫಿಕ್ಸ್ ಕಾರ್ಡ್. 3050 ಹೆಸರಲ್ಲಿ ಎರಡು ಬೇರೆ ಬೇರೆ ಕಾರ್ಡ್ ಮಾರಾಟಕ್ಕಿವೆ. 8 ಜಿಬಿದು 2560 ಕೋರ್, ಮೆಮೊರಿ ದಾರಿ 128 ಬಿಟ್. 6 ಜಿಬಿದು 2304 ಕೋರ್, 96 ಬಿಟ್. ಅಂದ್ರೆ ಬರೀ 2 ಜಿಬಿ ಮೆಮೊರಿ ಕಡಿಮೆ ಆಗಿಲ್ಲ, ಕಾರ್ಡೇ ಒಂದು ಮೆಟ್ಟಿಲು ಕೆಳಗೆ. ಅದರ ಒಂದೇ ಅನುಕೂಲ ಅಂದ್ರೆ 70 ವ್ಯಾಟ್‌ನಲ್ಲಿ ಓಡುತ್ತೆ, ಪವರ್ ಕೇಬಲ್ ಬೇಡ. ಆಫೀಸಿನ ಹಳೇ ಪಿಸಿಗೆ ಹಾಕೋರಿಗೆ ಅದು ಸರಿ, ಹೊಸದಾಗಿ ಕಟ್ಟೋರಿಗಲ್ಲ. ನೀವು ಹೇಳಿದ ಆಟಗಳಿಗೆ ಆರ್‌ಎಕ್ಸ್ 6600 8 ಜಿಬಿ ನೋಡಿ: 128 ಬಿಟ್, 132 ವ್ಯಾಟ್, ಒಂದು 8 ಪಿನ್ ಕನೆಕ್ಟರ್. 3050ಯ 8 ಜಿಬಿ ಕಾರ್ಡಿಗಿಂತಲೂ ಇದು ಸ್ಪಷ್ಟವಾಗಿ ಮುಂದಿದೆ. ಬ್ಲೆಂಡರ್ ಥರದ ಕೆಲಸ ಜಾಸ್ತಿ ಇದ್ರೆ ಮಾತ್ರ ಎನ್ವಿಡಿಯಾ ಕಡೆ ಯೋಚನೆ ಮಾಡಿ.

ಎರಡನೇ ಕೊಟೇಶನ್ ದಯವಿಟ್ಟು ಬೇಡ. 6500 ಎಕ್ಸ್‌ಟಿ 64 ಬಿಟ್ ಕಾರ್ಡು, ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿ) ಬರೀ ನಾಲ್ಕು. ಪಿಸಿಐಇ 4.0 ಇದ್ರೆ ಹೇಗೋ ನಡೆಯುತ್ತೆ. ಆದ್ರೆ 5500 ಪ್ರೊಸೆಸರ್ ಕೊಡೋದು 3.0, ಬಿ450 ಬೋರ್ಡೂ 3.0. ದಾರಿ ಅರ್ಧಕ್ಕೆ ಇಳೀತು. 4 ಜಿಬಿ ಮೆಮೊರಿ ತುಂಬಿದ ತಕ್ಷಣ ಕಾರ್ಡು ಸಿಸ್ಟಮ್ ರ‍್ಯಾಮಿಗೆ ಓಡಾಡ್ಬೇಕು, ಆ ಓಡಾಟಕ್ಕೇ ದಾರಿ ಕಿರಿದು. ಫೋರ್ಜಾದಲ್ಲಿ ಟೆಕ್ಸ್ಚರ್ ಸ್ವಲ್ಪ ಏರಿಸಿದ್ರೂ ತಡವರಿಸುತ್ತೆ. ವಿಡಿಯೊ ಎನ್‌ಕೋಡರ್ ಕೂಡ ಅದರಲ್ಲಿಲ್ಲ, ಆಟ ರೆಕಾರ್ಡ್ ಮಾಡಿದ್ರೆ ಭಾರ ಎಲ್ಲಾ ಪ್ರೊಸೆಸರ್ ಮೇಲೆ.

ರ‍್ಯಾಮ್ 8+8 ತಗೊಳ್ಳಿ, 16ರ ಒಂದೇ ಸ್ಟಿಕ್ ಬೇಡ. ಒಂದೇ ಸ್ಟಿಕ್ ಅಂದ್ರೆ ಒಂದೇ ಚಾನೆಲ್. ವ್ಯಾಲೊರಂಟ್, ಸಿಎಸ್2 ಎರಡೂ ಪ್ರೊಸೆಸರ್ ಮೇಲೆ ನಿಂತಿರೋ ಆಟಗಳು, ಸರಾಸರಿ ಫ್ರೇಮ್‌ಗಿಂತ ಜಾಸ್ತಿ ಕನಿಷ್ಠ ಫ್ರೇಮ್ ಬಿದ್ದುಹೋಗುತ್ತೆ. ಕೈಯಲ್ಲಿ ಮೌಸ್ ಹಿಡಿದೋರಿಗೆ ಗೊತ್ತಾಗೋದು ಅದೇ.

ಅರ್ತಿಂಗ್_ಮೊದ್ಲು (ಚಿಕ್ಕಮಗಳೂರು)

ಮೇಲಿನವರು ಕಾರ್ಡ್ ಬಗ್ಗೆ ಹೇಳಿದ್ದೆಲ್ಲಾ ಸರಿ. ನಾನು ಕರೆಂಟಿನ ಬಗ್ಗೆ ಮಾತ್ರ ಬರೀತೀನಿ. ನಿಮ್ಮ ಕಡೆ ಸೆಸ್ಕ್, ನಮ್ಮ ಕಡೆ ಮೆಸ್ಕಾಂ, ಮಳೆ-ಗಾಳಿಗೆ ಲೈನ್ ಹೋಗೋದು ಎರಡೂ ಕಡೆ ಇದ್ದಿದ್ದೇ. ಆದ್ದರಿಂದ ನಮ್ಮ ಜಿಲ್ಲೆಗಳಲ್ಲಿ ಪಿಸಿ ಲಿಸ್ಟ್ ಬರೆಯೋವಾಗ ಮೊದಲ ಸಾಲಲ್ಲಿ ಎಸ್‌ಎಂಪಿಎಸ್ ಇರ್ಬೇಕು. ನಿಮ್ಮ ಎರಡೂ ಕೊಟೇಶನ್ನಿನಲ್ಲಿ ಅದೇ ಕೊನೇಗಿದೆ, ಹೆಸರೂ ಇಲ್ಲ.

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋ ವ್ಯಾಟ್ ನೋಡಬೇಡಿ. ಪಕ್ಕದಲ್ಲಿ ಅಂಟಿಸಿರೋ ಲೇಬಲ್ ಓದಿ. +12 ವೋಲ್ಟ್ ಅನ್ನೋ ಕಾಲಮ್ಮಿನಲ್ಲಿ ಎಷ್ಟು ಆಂಪಿಯರ್ ಇದೆ ಅಂತ ನೋಡಿ 12ರಿಂದ ಗುಣಿಸಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಆ ಲೈನ್ ಮೇಲೇ ಬದುಕೋದು. ಸರಿಯಾದ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 40 ಆಂಪಿಯರ್ ಮೇಲೆ ಇರುತ್ತೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರೋದರಲ್ಲಿ 16 ಅಂತ ಇದ್ರೆ ಅದು 192 ವ್ಯಾಟ್ ಅಷ್ಟೇ, ಮೇಲೆ 500 ಅಂತ ಬರೆದಿದ್ರೂ. 6600 ಕಾರ್ಡಿಗೆ 132, ರೈಜನ್ 5600ಗೆ 76, ಬೋರ್ಡು, ಎಸ್‌ಎಸ್‌ಡಿ, ಫ್ಯಾನಿಗೆ ಒಂದು 50 ಸೇರಿಸಿದ್ರೆ 260ರ ಹತ್ತಿರ ಆಗುತ್ತೆ. ಕಾರ್ಡು ಕ್ಷಣಮಾತ್ರಕ್ಕೆ ಇದಕ್ಕಿಂತ ಜಾಸ್ತಿನೂ ಎಳೆಯುತ್ತೆ. ಪುಕ್ಕಟೆ ಎಸ್‌ಎಂಪಿಎಸ್ ಅಲ್ಲಿ ಕೈ ಕೊಡುತ್ತೆ: ಆಟದ ಮಧ್ಯೆ ದಿಢೀರ್ ರೀಸ್ಟಾರ್ಟ್. ಎಷ್ಟೋ ಜನ ಆಗ ವಿಂಡೋಸ್ ಮತ್ತೆ ಮತ್ತೆ ಹಾಕ್ತಾ ಕೂರ್ತಾರೆ.

80 ಪ್ಲಸ್ ಅನ್ನೋದು ದಕ್ಷತೆಯ ಗುರುತು, ಸುರಕ್ಷತೆಯದ್ದಲ್ಲ. ಐದು ವರ್ಷ ವಾರಂಟಿ ಇರೋ, ಇನ್‌ಪುಟ್ 100-240 ವೋಲ್ಟ್ ಅಂತ ಲೇಬಲ್ಲಿನಲ್ಲಿರೋ 80 ಪ್ಲಸ್ ಬ್ರಾಂಜ್ ಮಾಡೆಲ್ ಕೇಳಿ. ಕೆಲವಕ್ಕೆ 200-240 ಮಾತ್ರ ಇರುತ್ತೆ. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯೋ ಕಡೆ ಅದು ಆಗಿಬರಲ್ಲ.

ಇನ್ವರ್ಟರ್ ವಿಷಯ ಓನರ್ ಹತ್ರ ವಿಚಾರಿಸಿ: ಸೈನ್‌ವೇವಾ, ಸ್ಕ್ವೇರ್‌ವೇವಾ? ಒಳ್ಳೆ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನ ಸಮವಾಗಿ ಎಳೆಯೋ ಸರ್ಕ್ಯೂಟ್) ಇರುತ್ತೆ, ಸ್ಕ್ವೇರ್‌ವೇವ್ ಮೇಲೆ ಅದು ಗುಂಯ್ ಅಂತ ಸದ್ದು ಮಾಡುತ್ತೆ ಇಲ್ಲಾಂದ್ರೆ ಆಫೇ ಆಗುತ್ತೆ. ಸೈನ್‌ವೇವ್ ಆದ್ರೂ ಹಿಂದೆ ಇರೋ ಸ್ವಿಚ್ "ಯುಪಿಎಸ್" ಮೋಡ್‌ನಲ್ಲಿ ಇರ್ಬೇಕು. ಕರೆಂಟ್ ಹೋದಾಗ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್ ಬಲದ ಮೇಲೆ ತಡೆಯೋದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್ ಅಷ್ಟರೊಳಗೆ ಬದಲಾಗದಿದ್ರೆ ಪಿಸಿ ಬಿದ್ದುಹೋಗುತ್ತೆ. ಓನರ್ ಮನೆ ಫ್ಯಾನು ಲೈಟಿನ ಜೊತೆ ನಿಮ್ಮ 300 ವ್ಯಾಟ್ ಸೇರಿದ್ರೆ ಓವರ್‌ಲೋಡ್ ಆಗುತ್ತಾ ಅನ್ನೋದೂ ಕೇಳ್ಕೊಳ್ಳಿ. ಪ್ರತ್ಯೇಕ ಯುಪಿಎಸ್ ಆದ್ರೆ 600 ವಿಎ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್. ಲೆಕ್ಕಕ್ಕೆ ಬರುತ್ತೆ, ಆದ್ರೆ ಆಟ ಆಡ್ತಿರೋವಾಗ ಕರೆಂಟ್ ಹೋದ್ರೆ ಐದಾರು ನಿಮಿಷ ಸಿಕ್ಕರೆ ಹೆಚ್ಚು. 1000 ವಿಎ ದಾಟಿದ್ದು ನೆಮ್ಮದಿ. ಈಗ ಆಗದಿದ್ರೆ ಎರಡು ತಿಂಗಳು ಬಿಟ್ಟು ತಗೊಳ್ಳಿ. ಎಸ್‌ಎಂಪಿಎಸ್ ಮಾತ್ರ ಮೊದಲ ದಿನವೇ ಒಳ್ಳೇದಿರಲಿ.

ಅರ್ತಿಂಗ್ ಚೆಕ್ ಮಾಡಿಸದೆ ಪಿಸಿ ಆನ್ ಮಾಡಬೇಡಿ. ಎಲೆಕ್ಟ್ರಿಷಿಯನ್ ಕೈಲಿ ಮಲ್ಟಿಮೀಟರ್ ಹಿಡಿಸಿ: ಫೇಸ್-ನ್ಯೂಟ್ರಲ್ 230ರ ಸುತ್ತ, ಫೇಸ್-ಅರ್ತ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ತ್ ಎರಡು ಮೂರು ವೋಲ್ಟ್ ಒಳಗೆ. ಕ್ಯಾಬಿನೆಟ್ ಮುಟ್ಟಿದಾಗ ಜುಂ ಅಂದ್ರೆ ಅರ್ತ್ ಇಲ್ಲ ಅಂತಲೇ ಅರ್ಥ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸೋರಿಕೆಯನ್ನ ಅರ್ತ್‌ಗೆ ಕಳಿಸ್ಬೇಕು, ದಾರಿ ಇಲ್ಲದಿದ್ರೆ ಕ್ಯಾಬಿನೆಟ್ಟಿನ ತಗಡೇ 115 ವೋಲ್ಟಿನ ಆಸುಪಾಸು ತೇಲ್ತಾ ಇರುತ್ತೆ. ಮೂರು ಪಿನ್ನಿನ ಮೇಲಿನ ಪಿನ್ ಮುರಿದು ಎರಡು ಪಿನ್ ಸಾಕೆಟ್ಟಿಗೆ ಚುಚ್ಚೋದನ್ನ ಯಾವ ಕಾರಣಕ್ಕೂ ಮಾಡಬೇಡಿ. ಭರಣಿ, ಕೃತ್ತಿಕೆ ಮಳೆಯ ಗುಡುಗು ಶುರುವಾದ್ರೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ ಕಿತ್ತಿಡಿ, ಇಂಟರ್ನೆಟ್ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲು ಆ ದಾರೀಲೂ ಬೋರ್ಡಿಗೆ ಬರುತ್ತೆ.

ಸಾಲಗಾಮೆ_ರಸ್ತೆ

ತುಂಬಾ ಥ್ಯಾಂಕ್ಸ್ ಅಣ್ಣ, ಎಸ್‌ಎಂಪಿಎಸ್ ಲೇಬಲ್ ವಿಷಯ ಯಾರೂ ಹೇಳಿರ್ಲಿಲ್ಲ. ಇನ್ನೂ ಮೂರು ಡೌಟು. 12400ಎಫ್ ಅಥವಾ ರೈಜನ್ 5600, ಯಾವುದು? ಬೆಂಗಳೂರು ಎಸ್‌ಪಿ ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಉಳಿಯುತ್ತಾ? ಆರ್‌ಎಕ್ಸ್ 580 8 ಜಿಬಿ ತುಂಬಾ ಕಡಿಮೆಗೆ ಸಿಗುತ್ತೆ ಅಂತಿದಾರೆ. ಮತ್ತೆ ನನ್ನ ಹಳೇ ಮಾನಿಟರ್‌ನಲ್ಲಿ ವಿಜಿಎ, ಡಿವಿಐ ಮಾತ್ರ ಇದೆ.

ಬಿಎಂ_ರೋಡ್_ಬಿಲ್ಡ್

ಪ್ರೊಸೆಸರ್: ಎರಡೂ ಆರು ಕೋರ್, ಹನ್ನೆರಡು ಥ್ರೆಡ್, ಆಟದಲ್ಲಿ ವ್ಯತ್ಯಾಸ ಅಷ್ಟಿಲ್ಲ. ಪ್ರೊಸೆಸರ್ ಮತ್ತು ಬೋರ್ಡ್ ಸೇರಿಸಿ ಯಾವ ಜೋಡಿ ಕಡಿಮೆಗೆ ಬರುತ್ತೋ ಅದು. ನನ್ನ ಒಲವು 5600 ಕಡೆ, ಯಾಕಂದ್ರೆ ಎಚ್610 ಬೋರ್ಡುಗಳಲ್ಲಿ ರ‍್ಯಾಮ್ ಸ್ಲಾಟ್ ಎರಡೇ, ಬಹಳಷ್ಟರಲ್ಲಿ ಎಸ್‌ಎಸ್‌ಡಿ ಹಾಕೋ ಎಂ.2 ಸ್ಲಾಟ್ ಒಂದೇ. 5500 ಮತ್ತು 5600 ಹೆಸರಲ್ಲಿ ನೂರೇ ವ್ಯತ್ಯಾಸ, ಆದ್ರೆ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ ಎದುರಿಗೆ 32 ಎಂಬಿ. ವ್ಯಾಲೊರಂಟ್, ಸಿಎಸ್2 ಆಡೋರಿಗೆ ಆ ಕ್ಯಾಶ್ ಕೆಲಸಕ್ಕೆ ಬರುತ್ತೆ.

ಬೋರ್ಡಲ್ಲಿ ಉಳಿಸಬಹುದು. ಎ520 ಆದ್ರೆ ಪಿಸಿಐಇ 3.0, ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ, ರ‍್ಯಾಮಿನ ಎಕ್ಸ್‌ಎಂಪಿ (ಅದರ ಪೂರ್ತಿ ವೇಗಕ್ಕೆ ಏರಿಸೋ ಸೆಟ್ಟಿಂಗ್) ಮಾತ್ರ ಸಿಗುತ್ತೆ. ಆರ್‌ಎಕ್ಸ್ 6600ಗೆ ಎಂಟು ಲೇನ್ ಇರೋದ್ರಿಂದ 3.0 ಮೇಲೆ ಹಾಕಿದ್ರೂ ನಷ್ಟ ಅಲ್ಪ. ಬಿ550ಗೂ ಎ520ಗೂ ಸಾವಿರ ರೂಪಾಯಿ ಒಳಗೆ ಅಂತರ ಇದ್ರೆ ಬಿ550, ಜಾಸ್ತಿ ಇದ್ರೆ ಎ520 ತಗೊಂಡು ಉಳಿದದ್ದನ್ನ ಎಸ್‌ಎಸ್‌ಡಿಗೆ ಹಾಕಿ. ಬಿ450 ಹಳೇ ಸ್ಟಾಕ್ ಕೊಟ್ರೆ ಬಯಾಸ್ ಅಪ್‌ಡೇಟ್ ಮಾಡಿ ಕೊಡಿ ಅಂತ ಕೇಳಿ. ಹಳೇ ಬಯಾಸ್‌ನಲ್ಲಿ 5000 ಸರಣಿ ಪ್ರೊಸೆಸರ್ ಬೂಟೇ ಆಗಲ್ಲ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಕಪ್ಪು.

ಸೆಕೆಂಡ್ ಹ್ಯಾಂಡ್: 580 ಬಿಟ್ಟುಬಿಡಿ. ಅದರಲ್ಲಿ "2048ಎಸ್‌ಪಿ" ಅಂತ ಒಂದು ಬರುತ್ತೆ, ನಿಜದ 580ಗೆ 2304 ಶೇಡರ್ ಇರ್ಬೇಕು, ಇದು ಲೆಕ್ಕದಲ್ಲಿ 570. ಬಹಳಷ್ಟು ಮೈನಿಂಗ್‌ನಲ್ಲಿ ದುಡಿದು ಬಂದಿವೆ. 185 ವ್ಯಾಟ್ ಎಳೆಯುತ್ತೆ, ಹೊಸ ಆಟಗಳಿಗೆ ಡ್ರೈವರ್ ಸುಧಾರಣೆನೂ ನಿಂತಿದೆ. ಬಳಸಿದ 6600 ಸಿಕ್ಕರೆ ಮಾತ್ರ ಯೋಚಿಸಿ, ದುಡ್ಡು ಕೊಡೋ ಮುಂಚೆ ಅಲ್ಲೇ ಓಡಿಸಿ ನೋಡಿ. ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್‌ನಲ್ಲಿ 1792 ಶೇಡರ್, 128 ಬಿಟ್, 8 ಜಿಬಿ ಇರ್ಬೇಕು. ಯುನಿಜಿನ್ ಹೆವನ್ ಅನ್ನೋ ಗ್ರಾಫಿಕ್ಸ್ ಟೆಸ್ಟ್ ಒಂದು ಇಪ್ಪತ್ತು ನಿಮಿಷ ಓಡಲಿ. ಸ್ಕ್ರೀನಲ್ಲಿ ಚುಕ್ಕಿ, ಚೌಕ ಬಂದ್ರೆ ಮೆಮೊರಿ ಹೋಗಿದೆ. ಜಿಪಿಯು ಟೆಂಪರೇಚರಿಗೂ ಹಾಟ್‌ಸ್ಪಾಟಿಗೂ 30 ಡಿಗ್ರಿ ಮೇಲೆ ಅಂತರ ಇದ್ರೆ ಪೇಸ್ಟ್ ಒಣಗಿದೆ ಅಂತ ತಿಳೀರಿ. ಪೇಸ್ಟ್ ಬದಲಾಯಿಸಬಹುದು, ಬೆಲೆ ಇಳಿಸಕ್ಕೆ ಅದೇ ಕಾರಣ. ಫ್ಯಾನನ್ನ ಬೆರಳಲ್ಲಿ ಅಲುಗಾಡಿಸಿ ನೋಡಿ, ಗಡಗಡ ಅಂದ್ರೆ ಬೇರಿಂಗ್ ಸವೆದಿದೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ಧೈರ್ಯವಾಗಿ ತಗೊಳ್ಳಬಹುದಾದ್ದು ರ‍್ಯಾಮ್. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ಮೆಮೊರಿ ಬೆಲೆ ಎಲ್ಲಾ ಕಡೆ ಏರಿದೆ, ಡಿಡಿಆರ್4 ಕೂಡ ತಪ್ಪಿಸಿಕೊಂಡಿಲ್ಲ. ರ‍್ಯಾಮ್ ಕೆಡೋದು ಅಪರೂಪ, ಕೆಟ್ಟಿದ್ರೂ ಮೆಮ್‌ಟೆಸ್ಟ್86 ಒಂದು ಪೂರ್ತಿ ಪಾಸ್ ಓಡಿಸಿದ್ರೆ ಗೊತ್ತಾಗುತ್ತೆ. ಒಂದು ಎರರ್ ಬಂದ್ರೂ ವಾಪಸ್. 3200 ಸಿಎಲ್16, ಒಂದೇ ಮಾಡೆಲ್ ನಂಬರಿನ ಜೋಡಿ ನೋಡಿ. ಎಸ್‌ಎಂಪಿಎಸ್, ಎಸ್‌ಎಸ್‌ಡಿ ಎರಡೂ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ.

ಎಸ್‌ಪಿ ರೋಡಿಗೆ ಒಂದು ಪಾರ್ಟ್‌ಗೋಸ್ಕರ ಹೋಗೋದು ಲಾಭ ಇಲ್ಲ, ಪೂರ್ತಿ ಸೆಟ್ ಆದ್ರೆ ಹೋಗಿಬರಬಹುದು. ಭಾನುವಾರ ಬಹುತೇಕ ಬಾಗಿಲು ಹಾಕಿರ್ತಾರೆ. "ಬಿಲ್ ಬೇಡಾಂದ್ರೆ ಇಷ್ಟಕ್ಕೆ ಕೊಡ್ತೀವಿ" ಅಂದ್ರೆ ಒಪ್ಪಬೇಡಿ. ಜಿಎಸ್‌ಟಿ ಬಿಲ್ಲಲ್ಲಿ ಕಾರ್ಡು, ಬೋರ್ಡು, ಎಸ್‌ಎಂಪಿಎಸ್‌ನ ಸೀರಿಯಲ್ ನಂಬರ್ ಬರೆಸಿ. ಹಾಸನದ ಅಂಗಡಿಗೂ ಅದೇ ಲಿಸ್ಟ್ ತೋರಿಸಿ ಕೇಳಿ. ಅಂತರ ಎರಡು ಮೂರು ಸಾವಿರದೊಳಗಿದ್ರೆ ಇಲ್ಲೇ ತಗೊಳ್ಳಿ, ವಾರಂಟಿಗೆ ಡಬ್ಬ ಹೊತ್ಕೊಂಡು ಬಸ್ ಹತ್ತೋದು ತಪ್ಪುತ್ತೆ.

ಮಾನಿಟರ್: ಎಚ್‌ಡಿಎಂಐನಿಂದ ಡಿವಿಐಗೆ ಸಾದಾ ಕೇಬಲ್ ಸಾಕು. ವಿಜಿಎ ಮರೆತುಬಿಡಿ, ಅದಕ್ಕೆ ಆಕ್ಟಿವ್ ಕನ್ವರ್ಟರ್ ಬೇಕು.

ಕಾಫಿ_ಓವರ್‌ಕ್ಲಾಕ್

ನನ್ನದೊಂದು ಭಿನ್ನಾಭಿಪ್ರಾಯ. ಈಗ ಎಎಂ4 (5600ರ ಸಾಕೆಟ್) ತಗೊಂಡ್ರೆ ಮುಂದೆ ದಾರಿ ಮುಚ್ಚಿದ ಹಾಗೆ. ಎಎಂ5ನಲ್ಲಿ 7500ಎಫ್, ಎ620 ಬೋರ್ಡ್ ಹಾಕಿದ್ರೆ ಮುಂದೆ ಬರೀ ಪ್ರೊಸೆಸರ್ ಬದಲಾಯಿಸಬಹುದು. ಎಎಂಡಿಯವರೇ 2027 ದಾಟಿ ಸಾಕೆಟ್ ಉಳಿಸ್ತೀವಿ ಅಂದಿದಾರೆ. ಗ್ರಾಫಿಕ್ಸಿಗೆ ಇಂಟೆಲ್ ಬಿ580 12 ಜಿಬಿ ಕೂಡ ಇದೆಯಲ್ಲ?

ಫ್ರೇಮ್_ಎಣಿಕೆ

ಎಎಂ5 ಒಳ್ಳೇ ಪ್ಲಾಟ್‌ಫಾರ್ಮ್, ತಕರಾರಿಲ್ಲ. ಆದ್ರೆ ಅದಕ್ಕೆ ಡಿಡಿಆರ್5 ಮಾತ್ರ, ಮತ್ತು ರ‍್ಯಾಮ್ ಬೆಲೆ ಇರೋ ಈ ಸ್ಥಿತೀಲಿ 55 ಸಾವಿರದೊಳಗೆ ಎಎಂ5 ಮಾಡಿದ್ರೆ ಕಡಿತ ಬೀಳೋದು ಗ್ರಾಫಿಕ್ಸ್ ಕಾರ್ಡಿಗೇ. ಮೂರು ವರ್ಷದ ಮೇಲಿನ ಅಪ್‌ಗ್ರೇಡಿಗೋಸ್ಕರ ಮೂರು ವರ್ಷ ಕಡಿಮೆ ಫ್ರೇಮಲ್ಲಿ ಆಡೋದು ಈ ಬಜೆಟ್ಟಿಗೆ ಸರಿಯಲ್ಲ. 75 ಸಾವಿರ ಇದ್ದಿದ್ರೆ ನಾನೂ ಎಎಂ5 ಅಂತಲೇ ಹೇಳ್ತಿದ್ದೆ.

ಬಿ580ಗೆ ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನ ಪ್ರೊಸೆಸರಿಗೆ ಒಟ್ಟಿಗೇ ತೆರೆದಿಡೋ ಬಯಾಸ್ ಸೆಟ್ಟಿಂಗ್) ಕಡ್ಡಾಯ, ಇಲ್ಲಾಂದ್ರೆ ಕಾರ್ಡು ನೆಲಕ್ಕಿಳಿಯುತ್ತೆ. ಡ್ರೈವರ್ ಭಾರ ಪ್ರೊಸೆಸರ್ ಮೇಲೆ ಬೀಳೋದ್ರಿಂದ 5600 ಥರದ ಮಧ್ಯಮ ಪ್ರೊಸೆಸರ್ ಜೊತೆ ಕೆಲವು ಆಟಗಳಲ್ಲಿ ಅದರ ಪೂರ್ತಿ ಶಕ್ತಿ ಬರಲ್ಲ. 190 ವ್ಯಾಟ್ ಬೇರೆ. ಇವರಿಗೆ ಬೇಡ.

ಮೂಡಿಗೆರೆ_ಮಳೆ

ಎಸ್‌ಎಸ್‌ಡಿ ಬಗ್ಗೆ ಒಂದು ಮಾತು. 1 ಟಿಬಿ ಹಾರ್ಡ್ ಡಿಸ್ಕ್ ತೆಗೆಸಿ, ಆಗೋದಾದ್ರೆ ಒಂದೇ 1 ಟಿಬಿ ಎನ್‌ವಿಎಂಇ ಹಾಕಿ. ಜಿಟಿಎ 5, ಫೋರ್ಜಾ ಎರಡೂ ನೂರು ಜಿಬಿ ಮೇಲೆ, 512ರಲ್ಲಿ ಅವೆರಡು ಮತ್ತು ವಿಂಡೋಸ್ ಕೂತರೆ ಉಳಿಯೋದು ಕಡಿಮೆ. ಡಬ್ಬದ ಮೇಲಿನ ಎಂಬಿ ಪರ್ ಸೆಕೆಂಡ್ ಬಿಟ್ಟು ಟಿಬಿಡಬ್ಲ್ಯು (ಒಟ್ಟು ಎಷ್ಟು ಟಿಬಿ ಬರೆಯೋವರೆಗೆ ಗ್ಯಾರಂಟಿ ಅನ್ನೋದು) ನೋಡಿ. 1 ಟಿಬಿಗೆ ಕ್ರೂಶಿಯಲ್ ಪಿ3 220, ಡಬ್ಲ್ಯುಡಿ ಎಸ್‌ಎನ್580 600. ಮೊದಲನೇದು ಕ್ಯುಎಲ್‌ಸಿ (ಒಂದು ಸೆಲ್ಲಿಗೆ ನಾಲ್ಕು ಬಿಟ್), ಎರಡನೇದು ಟಿಎಲ್‌ಸಿ (ಮೂರು ಬಿಟ್, ಬಾಳಿಕೆ ಜಾಸ್ತಿ). ಬೆಲೆ ಹತ್ತಿರ ಹತ್ತಿರ ಇದ್ರೆ ಟಿಎಲ್‌ಸಿ ಬಿಡಬೇಡಿ.

ಹಾಸನ ಪಟ್ಟಣದಲ್ಲಿ ಅಷ್ಟಿಲ್ಲ, ಆದ್ರೆ ಸಕಲೇಶಪುರ, ಮೂಡಿಗೆರೆ ಕಡೆ ಊರಿಗೆ ಪಿಸಿ ತಗೊಂಡು ಹೋಗೋರು ತೇವದ ಬಗ್ಗೆ ಯೋಚನೆ ಮಾಡ್ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಗೆ ಒತ್ತಿ ಇಡಬೇಡಿ, ಗೋಡೆಗೆ ಬೂಷ್ಟು ಹಿಡಿಯೋ ಕಡೆ ಕನೆಕ್ಟರಿಗೂ ಹಿಡಿಯುತ್ತೆ. ವಾರದಲ್ಲಿ ಮೂರ್ನಾಲ್ಕು ಸಲ ಒಂದು ಗಂಟೆ ಆನ್ ಇಟ್ಟರೆ ಒಳಗಿನ ಬಿಸಿಗೇ ಒಣಗಿರುತ್ತೆ. ತಿಂಗಳುಗಟ್ಟಲೆ ಮುಚ್ಚಿಟ್ಟು ಆನ್ ಮಾಡಿದಾಗ ಡಿಸ್ಪ್ಲೇ ಬರದಿದ್ರೆ ಪ್ಲಗ್ ಕಿತ್ತು, ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರಲ್ಲಿ ನಿಧಾನಕ್ಕೆ ಉಜ್ಜಿ, ಪುಡಿ ಒರೆಸಿ ಮತ್ತೆ ಹಾಕಿ. ಬೋರ್ಡ್ ಹೋಯ್ತು ಅಂತ ತೀರ್ಮಾನ ಮಾಡೋ ಮುಂಚೆ ಇದನ್ನ ಮಾಡಿ.

ಸಾಲಗಾಮೆ_ರಸ್ತೆ

ಫೈನಲ್: 5600 ಬಾಕ್ಸ್, ಬಿ550 ಅಥವಾ ಎ520, 8+8, ಆರ್‌ಎಕ್ಸ್ 6600, ಎನ್‌ವಿಎಂಇ, 550 ವ್ಯಾಟ್ ಬ್ರಾಂಜ್, ಜಾಲರಿ ಕ್ಯಾಬಿನೆಟ್. ಬಜೆಟ್ ಮೀರಿದ್ರೆ ಯಾವುದನ್ನ ಮೊದಲು ಇಳಿಸ್ಲಿ? ಜೋಡಿಸೋದು ನಾನೇ ಮಾಡ್ಬೇಕು ಅಂತಿದೀನಿ.

ಬಿಎಂ_ರೋಡ್_ಬಿಲ್ಡ್

ಮೊದಲು ಬಿ550ಯಿಂದ ಎ520ಗೆ ಇಳೀರಿ. ಆಮೇಲೆ 1 ಟಿಬಿ ಇಂದ 500 ಜಿಬಿ. ಆಮೇಲೂ ಸಾಲದಿದ್ರೆ ಬಳಸಿದ ರ‍್ಯಾಮ್. ತೀರಾ ಕೊನೆಗೆ 5600 ಬದಲು 5500. ಕಾರ್ಡು, ಎಸ್‌ಎಂಪಿಎಸ್ ಮುಟ್ಟಬೇಡಿ.

ಜೋಡಿಸೋವಾಗ ಕ್ಯಾಬಿನೆಟ್ ಒಳಗೆ ಹಾಕೋ ಮುಂಚೆ ಬೋರ್ಡನ್ನ ಅದರ ರಟ್ಟಿನ ಡಬ್ಬದ ಮೇಲೇ ಇಟ್ಟು ಒಂದ್ಸಲ ಬೂಟ್ ಮಾಡಿ. ಪ್ರೊಸೆಸರ್ ಮೂಲೆಯ ಬಂಗಾರದ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಸೇರಿಸಿ ಸುಮ್ನೆ ಬಿಡಿ, ತಾನೇ ಕೂರುತ್ತೆ, ಒತ್ತಿದ್ರೆ ಪಿನ್ ಬಾಗುತ್ತೆ. ಕೂಲರ್‌ನಲ್ಲಿ ಹೊಸಬರು ಸಿಕ್ಕಿಹಾಕ್ಕೊಳ್ಳೋದು ಇಲ್ಲಿ: 5600 ಜೊತೆ ಬರೋ ರೈತ್ ಸ್ಟೆಲ್ತ್ ಕೂಲರಿಗೆ ಕೊಕ್ಕೆ ಇಲ್ಲ, ನಾಲ್ಕು ಸ್ಪ್ರಿಂಗ್ ಸ್ಕ್ರೂ. ಬೋರ್ಡ್ ಮೇಲಿರೋ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಬೇಕು, ಬಿಚ್ಚಿದ ಕೂಡ್ಲೇ ಹಿಂದಿನ ಲೋಹದ ಪ್ಲೇಟ್ ಕಳಚಿ ಬೀಳುತ್ತೆ. ಅದನ್ನ ಕೆಳಗಿನಿಂದ ಒಂದು ಕೈಲಿ ಒತ್ತಿ ಹಿಡ್ಕೊಂಡು ಸ್ಕ್ರೂಗಳನ್ನ ಎದುರುಬದುರಾಗಿ, ಒಂದೊಂದಕ್ಕೆ ಎರಡೆರಡು ಸುತ್ತಿನಂತೆ ಬಿಗಿ ಮಾಡಿ. ಪೇಸ್ಟ್ ಮೊದಲೇ ಹಚ್ಚಿರುತ್ತೆ, ಬೆರಳು ತಾಗಿಸಬೇಡಿ.

ರ‍್ಯಾಮ್ ನಾಲ್ಕು ಸ್ಲಾಟ್ ಇದ್ರೆ ಪ್ರೊಸೆಸರ್ ಕಡೆಯಿಂದ ಎರಡನೇದು, ನಾಲ್ಕನೇದು. ಕಟ್ ಅಂತ ಸದ್ದು ಬರೋವರೆಗೆ ಒತ್ತಿ. ಪ್ರೊಸೆಸರಿನ 4+4 ಪಿನ್ ಕೇಬಲ್ ಮತ್ತು ಕಾರ್ಡಿನ 6+2 ಪಿನ್ ಕೇಬಲ್ ಬೇರೆ ಬೇರೆ, ಬಲವಂತ ಮಾಡಬೇಡಿ. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ. 5600ನಲ್ಲಿ ಒಳಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಚುಚ್ಚಿದ್ರೆ ಏನೂ ಬರಲ್ಲ. ಮೊದಲ ಬೂಟಿನಲ್ಲಿ ರ‍್ಯಾಮ್ ಅಳತೆ ತಗೊಳ್ಳೋದಕ್ಕೆ ಸ್ಕ್ರೀನ್ ಒಂದೆರಡು ನಿಮಿಷ ಕಪ್ಪಾಗಿರಬಹುದು, ಗಾಬರಿಯಾಗಿ ಆಫ್ ಮಾಡಬೇಡಿ.

ವಿಂಡೋಸ್ ಹಾಕೋ ಮುಂಚೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್, ಸಿಎಸ್‌ಎಂ (ಹಳೇ ರೀತಿಯ ಬೂಟ್) ಆಫ್, ರೀಸೈಜಬಲ್ ಬಾರ್ ಆನ್, ಎಫ್‌ಟಿಪಿಎಂ (ಪ್ರೊಸೆಸರಲ್ಲೇ ಇರೋ ಭದ್ರತಾ ವ್ಯವಸ್ಥೆ) ಆನ್, ಸೆಕ್ಯೂರ್ ಬೂಟ್ ಆನ್. ವಿಂಡೋಸ್ 11 ಮೇಲೆ ವ್ಯಾಲೊರಂಟ್ ಕೊನೇ ಎರಡನ್ನ ಕೇಳುತ್ತೆ, ಇಲ್ಲಾಂದ್ರೆ ವ್ಯಾನ್9001 ಇಲ್ಲವೇ ವ್ಯಾನ್9003 ಎರರ್. ಸಿಎಸ್‌ಎಂ ಆನ್ ಇಟ್ಟು ಹಳೇ ಎಂಬಿಆರ್ ರೀತೀಲಿ ವಿಂಡೋಸ್ ಹಾಕಿಬಿಟ್ರೆ ಆಮೇಲೆ ಜಿಪಿಟಿಗೆ ಬದಲಾಯಿಸೋ ಕೆಲಸ ಮೈಮೇಲೆ ಬರುತ್ತೆ. ಎಲ್ಲಾ ಆದ್ಮೇಲೆ ಟಾಸ್ಕ್ ಮ್ಯಾನೇಜರಲ್ಲಿ ಮೆಮೊರಿ ಸ್ಪೀಡ್ 3200 ತೋರಿಸ್ತಿದೆಯಾ ನೋಡಿ. 2133, 2400 ಅಂತ ಇದ್ರೆ ಎಕ್ಸ್‌ಎಂಪಿ ಆನ್ ಆಗಿಲ್ಲ.

ಅರ್ತಿಂಗ್_ಮೊದ್ಲು (ಚಿಕ್ಕಮಗಳೂರು)

ಅಂಗಡಿಗೆ ಹೋದಾಗ ಎಸ್‌ಎಂಪಿಎಸ್ ಲೇಬಲ್ ಫೋಟೊ ತೆಗೆದು ಇಲ್ಲಿ ಹಾಕಿ, ದುಡ್ಡು ಕೊಡೋ ಮುಂಚೆ. ನೋಡಿ ಹೇಳ್ತೀವಿ.